ಗಾಲಿ ನಿಂತ ಆಷಾಢ

ಹೊಸಪೇಟೆಯ ಬಸ್ ನಿಲ್ದಾಣದಲ್ಲಿ ಕಂಪ್ಲಿ ಬಸ್ಸಿಗೆ ಕಾಯುತ್ತ ಕುಳಿತಿದ್ದೆ. ಮರುದಿನ ನಾಗರಪಂಚಮಿ. ತೊಡೆಯ ಮೇಲೆ ಉಂಡಿಯ ಡಬ್ಬಿ, ಕಾಲ ಬುಡದಲ್ಲಿ ಚೀಲ. ಎದುರಿನ ಹೋಟೆಲಿನ ಟಿ.ವಿ.ಯಲ್ಲಿ ನಾಲ್ಕು ಮಂದಿ ಕೂಗಾಡುತ್ತಿದ್ದರು. ದೇಶ ಎರಡು ಹೋಳಾಗಿದೆ, ಇಂಥ ಹೊತ್ತಿನಲ್ಲಿ ನಾಯಕನಾದವನು ಎದುರು ನಿಂತು ಜಗಳಕ್ಕೆ ಇಳಿಯಬೇಕೋ, ಎಲ್ಲರನ್ನೂ ಕೂಡಿಸಿಕೊಂಡು ಹೋಗಬೇಕೋ ಎನ್ನುವುದು ಅವರ ಚರ್ಚೆ. ಕೂಡಿಸಬೇಕು ಎನ್ನುತ್ತಿದ್ದವನೇ ಎಲ್ಲರಿಗಿಂತ ಜೋರಾಗಿ ಕಿರುಚುತ್ತಿದ್ದ. ನನಗೆ ನಗು ತಡೆಯಲಾಗಲಿಲ್ಲ. ಮಗ್ಗುಲಲ್ಲಿದ್ದ ಹೆಂಗಸು, "ಯಾಕ್ರಿ ಅಕ್ಕಾ, ಏನಾತು?" ಎಂದಳು. "ಏನಿಲ್ಲವ್ವ, ಇವರನ್ನ ನಮ್ಮೂರಾಗ ಒಂದು ಆಷಾಢ ಅಧ್ಯಕ್ಷರನ್ನ ಮಾಡಿ ಕುಂದರಸಬೇಕಿತ್ತು" ಎಂದೆ. ಆಕೆಗೆ ತಿಳಿಯಲಿಲ್ಲ. ಪಾಪ, ಹೇಗೆ ತಿಳಿದೀತು?

ಅಷ್ಟರಲ್ಲಿ ನಾಲ್ಕು ಹನಿ ಬಿತ್ತು. ನಿಲ್ದಾಣದ ಹೊರಗೆ ಅದಿರಿನ ಲಾರಿಯೊಂದು ಟಾರ್ಪಾಲು ಹಾರಿಸಿಕೊಂಡು ಹೋಯಿತು. ಹಿಂದೆಯೇ ಆ ವಾಸನೆ ಬಂತು, ತುಕ್ಕು ಹಿಡಿದ ತಗಡಿನ ಮೇಲೆ ನೀರು ಚೆಲ್ಲಿದ ಹಾಗೆ. ಸಂಡೂರಿನ ಕೆಂಪು ಧೂಳು ನೆಂದರೆ ಹೀಗೆಯೇ ನಾರುವುದು. ಹದಿನೈದು ವರ್ಷ ನನ್ನ ಅಡುಗೆಮನೆಯಲ್ಲಿ, ಸೀರೆಯ ಮಡಿಕೆಯಲ್ಲಿ, ಮಕ್ಕಳ ತಲೆಗೂದಲಲ್ಲಿ ಇದ್ದ ವಾಸನೆ. ಮೂಗಿಗೆ ಹತ್ತಿದ ಕೂಡಲೇ ಆ ಆಷಾಢ ಎದುರಿಗೆ ಬಂದು ನಿಂತಿತು.

ನಮ್ಮೂರು ಸಂಡೂರಿನ ಗುಡ್ಡ ಇಳಿದು ಹೊಸಪೇಟೆ ಕಡೆ ತಿರುಗುವ ದಾರಿಯಲ್ಲಿದೆ. ಗಣಿಯಿಂದ ಅದಿರು ಹೊತ್ತ ಲಾರಿಗಳು ಊರ ನಡುವಿನ ರಸ್ತೆಯಲ್ಲಿ, ಶಾಲೆಯ ಗೋಡೆಗೆ ತಾಗುವಂತೆ ಹಾದು ಹೋಗುತ್ತಿದ್ದವು. ಮಕ್ಕಳು ಕಿಟಕಿ ಮುಚ್ಚಿಕೊಂಡು ಪಾಠ ಕೇಳುತ್ತಿದ್ದರು. ಬಿಸಿಯೂಟದ ಅನ್ನ ತಟ್ಟೆಗೆ ಬಿದ್ದಾಗ ಬೆಳ್ಳಗಿರುತ್ತಿತ್ತು, ಕೊನೆಯ ತುತ್ತಿಗೆ ಕೆಂಪಗಾಗುತ್ತಿತ್ತು. ಗುಡ್ಡದ ಬುಡದಲ್ಲಿ ಊರಾಚೆಗೆ ಒಂದು ಹಳೆಯ ದಾರಿ ಇತ್ತು. ಸುತ್ತು ಹೆಚ್ಚು, ಡೀಸೆಲ್ ಹೆಚ್ಚು. ಆ ದಾರಿಯಲ್ಲಿ ಹೋಗಿ ಎಂದರೆ ಲಾರಿ ಮಾಲೀಕರು, "ಆ ದಾರಿ ಭಾರ ತಡಿಯಂಗಿಲ್ಲ, ಕುಸದು ಬೀಳ್ತೈತಿ" ಎನ್ನುತ್ತಿದ್ದರು. ಊರಲ್ಲಿ ಅರ್ಧ ಮನೆಗಳ ಅನ್ನ ಆ ಲಾರಿಗಳಿಂದಲೇ. ಒಬ್ಬನ ಮಗ ಡ್ರೈವರ್, ಇನ್ನೊಬ್ಬನದು ಪಂಕ್ಚರ್ ಅಂಗಡಿ, ಮತ್ತೊಬ್ಬನದು ಚಹಾದ ಹೋಟೆಲು. ಉಳಿದರ್ಧ ನಮ್ಮಂತೆ ಹೊಲದವರು, ಮೆಕ್ಕೆಜೋಳದ ಗರಿಯ ಮೇಲೆ ಬೆರಳಿನಿಂದ ಹೆಸರು ಬರೆಯುವಷ್ಟು ಧೂಳು ಕಂಡವರು. ಅಂದರೆ ಊರು ಒಡೆದೇ ಇತ್ತು. ಬಾಯಿಬಿಟ್ಟು ಹೇಳುವವರು ಇರಲಿಲ್ಲ, ಅಷ್ಟೆ.

ನಾನು ಪಂಚಾಯಿತಿ ಅಧ್ಯಕ್ಷೆಯಾದದ್ದು ಮೀಸಲಾತಿಯಿಂದ. ನನ್ನ ಗಂಡ ಹನುಮಂತಪ್ಪನೇ ನನ್ನನ್ನು ನಿಲ್ಲಿಸಿದ. ಹೆಸರು ನನ್ನದು, ಕುರ್ಚಿ ತನ್ನದು ಎಂದು ಅವನ ಲೆಕ್ಕಾಚಾರ. ಗೆದ್ದ ಮರುದಿನ ಬಿಳಿ ಅಂಗಿ ಇಸ್ತ್ರಿ ಮಾಡಿಸಿಕೊಂಡು ಹೋಗಿ ಕುಳಿತೂಬಿಟ್ಟಿದ್ದ. ನಾನು ಹೋಗಿ, "ಏಳ್ರಿ, ಅದು ನನ್ನ ಜಾಗ" ಎಂದೆ. "ಏ ಈರಮ್ಮ, ಮಂದಿ ಮುಂದ ಏನಿದು?" ಎಂದ. "ಮಂದಿನ ನನ್ನ ಆರಿಸ್ಯಾರ" ಎಂದೆ. ಎದ್ದ. ಮೂರು ದಿನ ಮಾತು ಬಿಟ್ಟ. ನಾಲ್ಕನೆಯ ದಿನ ಸಾರಿಗೆ ಉಪ್ಪು ಕಡಿಮೆ ಎಂದು ಬೈಯಲು ಬಾಯಿ ತೆರೆದ, ಅಲ್ಲಿಗೆ ಸರಿಹೋಯಿತು.

ವೋಟು ಕೇಳುವಾಗ ಮನೆಮನೆಗೆ ಹೋಗಿ ನಾನು ಒಂದೇ ಮಾತು ಕೊಟ್ಟಿದ್ದೆ, ಶಾಲೆಯ ಮುಂದಿನಿಂದ ಲಾರಿ ಬಿಡಿಸುತ್ತೇನೆ ಎಂದು. ಕೊಡುವಾಗ ಸಲೀಸಾಗಿತ್ತು. ನಡೆಸಿಕೊಡುವುದು ಹಾಗಿರಲಿಲ್ಲ. ಯಾಕೆಂದರೆ ಆ ಲಾರಿಗಳಲ್ಲಿ ಮೂರು ನನ್ನ ಅಣ್ಣ ಪಂಪಣ್ಣನವು.

ಪಂಪಣ್ಣ ಕಂಪ್ಲಿಯಲ್ಲಿದ್ದಾನೆ. ಅಪ್ಪ ಅವ್ವ ಇಬ್ಬರೂ ತೀರಿಕೊಂಡ ಮೇಲೆ ನನಗೆ ತವರು ಎಂದರೆ ಅವನೊಬ್ಬನೇ. ನಮ್ಮ ಕಡೆ ಹೆಣ್ಣುಮಕ್ಕಳಿಗೆ ಪಂಚಮಿಗಿಂತ ದೊಡ್ಡ ಹಬ್ಬವಿಲ್ಲ. ಅಣ್ಣನೋ ತಮ್ಮನೋ ಬಂದು ಕರೆದುಕೊಂಡು ಹೋಗಬೇಕು. ಕರೆ ಬಾರದ ಹೆಣ್ಣು ಆ ದಿನ ಹಿತ್ತಿಲ ಬಾಗಿಲಲ್ಲಿ ಕುಳಿತು ಅಳಬೇಕೇ ಹೊರತು ತಾನಾಗಿ ತವರಿನ ಹೊಸ್ತಿಲು ತುಳಿಯಬಾರದು. ಮದುವೆಯಾದಾಗಿನಿಂದ ಒಂದು ವರ್ಷವೂ ಪಂಪಣ್ಣ ತಪ್ಪಿಸಿದವನಲ್ಲ. ಹಳ್ಳ ತುಂಬಿ ದಾರಿ ಕಟ್ಟಿದ ವರ್ಷ ದೂರದ ಸುತ್ತು ಹಾಕಿಕೊಂಡು ಬಂದು ಕರೆದೊಯ್ದಿದ್ದ. ಅಂಥವನ ಲಾರಿಯ ಮುಂದೆ ನಾನು ಕೈ ಅಡ್ಡ ಹಿಡಿಯಬೇಕಿತ್ತು.

ಆ ವರ್ಷ ಮಳೆ ಹೋಯಿತು. ಬಿತ್ತಿದ್ದು ಗೇಣುದ್ದ ಎದ್ದು ಹಾಗೇ ನಿಂತುಬಿಟ್ಟಿತು. ಹಿರಿಯರೆಲ್ಲ ಊರಮ್ಮನ ಗುಡಿಯ ಮುಂದೆ ಸೇರಿ ವಾರ ಹಿಡಿಯುವುದೆಂದು ಮಾತಾಡಿದರು. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಮಳೆ ಹೋದಾಗ, ಬೇನೆ ಬಂದಾಗ ನಮ್ಮ ಕಡೆ ಐದು ಮಂಗಳವಾರ ದೇವಿಯ ಹೆಸರಲ್ಲಿ ಊರು ದುಡಿಮೆ ನಿಲ್ಲಿಸುತ್ತದೆ. ಅಂದು ಯಾರೂ ಹೊಲಕ್ಕೆ ಹೋಗುವಂತಿಲ್ಲ, ಬೀಸುವಂತಿಲ್ಲ, ರೊಟ್ಟಿ ಬಡಿಯುವಂತಿಲ್ಲ. ಹಿಂದಿನ ದಿನ ಮಾಡಿಟ್ಟ ಕಟಕ ರೊಟ್ಟಿಯೇ ಊಟ. ಊರ ಗಡಿಕಲ್ಲಿನ ಒಳಗೆ ಗಾಲಿ ತಿರುಗುವಂತಿಲ್ಲ, ಬಂಡಿ ಹೂಡುವಂತಿಲ್ಲ. ನಾನು ಚಿಕ್ಕವಳಿದ್ದಾಗಿನಿಂದ ಕಂಡದ್ದು ಇದನ್ನೇ. ಲಾರಿಗಳು ಬಂದ ಮೇಲೂ ಬಂಡಿ ನಿಲ್ಲುತ್ತಿದ್ದವು, ಲಾರಿ ಮಾತ್ರ ದೇವಿಯ ಗುಡಿಗೆ ಧೂಳು ಎರಚಿಕೊಂಡು ಓಡುತ್ತಿದ್ದವು. ಅವು ಲೆಕ್ಕಕ್ಕಿಲ್ಲ ಎಂದು ಎಲ್ಲರೂ ಸುಮ್ಮನಿದ್ದರು.

ಆದರೆ ಆ ವರ್ಷ ಲಾರಿಯವರು ತಾವೇ ಒಂದು ತಪ್ಪು ಮಾಡಿಕೊಂಡಿದ್ದರು. ಯುಗಾದಿಯ ಮರುದಿನ ಊರಿನ ಬಂಡಿಗಳನ್ನೆಲ್ಲ ಗುಡಿಯ ಮುಂದೆ ಸಾಲಾಗಿ ನಿಲ್ಲಿಸಿ ಗಾಲಿಗೆ ಪೂಜಾರಿಯಿಂದ ಭಂಡಾರ, ಅಂದರೆ ದೇವಿಯ ಅರಿಶಿನ, ಹಚ್ಚಿಸುವುದು ವಾಡಿಕೆ. ಲಾರಿ ಮಾಲೀಕರ ಸಂಘದ ವಿರುಪಣ್ಣ ಆ ಯುಗಾದಿಗೆ ಲಾರಿಗಳನ್ನೂ ತಂದು ಬಂಡಿಸಾಲಿನಲ್ಲೇ ನಿಲ್ಲಿಸಿದ. ಅದೂ ಎಲ್ಲರಿಗಿಂತ ಮುಂದೆ! ಪೂಜಾರಿ ದುರುಗಪ್ಪ, ಎಂಬತ್ತರ ಮುದುಕ, "ಇವು ಯಾಕಪ್ಪ ಇಲ್ಲಿ? ಆಯುಧ ಪೂಜಿ ದಿನ ತಗಂಬರ್ರಿ" ಎಂದ. ವಿರುಪಣ್ಣ ಬಿಡಲಿಲ್ಲ. "ಅಜ್ಜಾ, ಎತ್ತಿನ ಬಂಡಿಗೆ ಒಂದು ದೇವರು, ನಮ್ಮ ಬಂಡಿಗೆ ಒಂದು ದೇವರು ಐತೇನು? ನಾವು ಈ ಊರವರಲ್ಲೇನು? ಹಚ್ಚು ಭಂಡಾರ" ಎಂದು ಗಲಾಟೆಗೇ ನಿಂತ. ದುರುಗಪ್ಪ ಗೊಣಗುತ್ತ ಒಂದೊಂದು ಟಯರಿಗೂ ಭಂಡಾರ ಹಚ್ಚಿದ. ಊರೆಲ್ಲ ನೋಡಿತ್ತು. ನಾನೂ ನೋಡಿದ್ದೆ.

ವಾರದ ಮಾತು ಮುಗಿದು ಎಲ್ಲರೂ ಏಳುವ ಹೊತ್ತಿಗೆ ನಾನು, "ಅಜ್ಜಾ, ಭಂಡಾರ ಹಚ್ಚಿದ ಗಾಲಿ ವಾರದ ದಿನ ತಿರುಗಬೌದೇನು?" ಎಂದು ಕೇಳಿದೆ. ದುರುಗಪ್ಪ ನನ್ನ ಮುಖ ನೋಡಿದ. ಬೊಚ್ಚು ಬಾಯಲ್ಲಿ ನಕ್ಕ. "ಹ್ಯಾಂಗ ತಿರುಗ್ತದವ್ವ? ಹಚ್ಚಿಸ್ಕಂಡ ಮ್ಯಾಲ ಅಮ್ಮನ ಮಾತಿಗೆ ಬಂದಂಗಾತು" ಎಂದ. ವಿರುಪಣ್ಣನ ಮುಖ ಬಿಳಿಚಿತು. "ಅಧ್ಯಕ್ಷರ, ಇದು ಆಗೋ ಮಾತಲ್ಲ. ಎತ್ತಿಗೆ ವಿಶ್ರಾಂತಿ ಸಿಗ್ಲಿ ಅಂತ ಮಾಡಿದ್ದು ಅದು. ಲಾರಿಗೇನು ಕಾಲು ನೋವಾಕ್ತಾವೇನು?" ಎಂದ. "ಯುಗಾದಿಗೆ ಈ ಮಾತು ಯಾಕ ಹೇಳ್ಲಿಲ್ಲ? ಅವತ್ತು ಮುಂದಿನ ಸಾಲಿನಾಗ ನಿಂತಿದ್ರಲ್ಲ" ಎಂದೆ. ಹೊಲದವರು ಗೊಳ್ಳೆಂದು ನಕ್ಕರು. ಆ ನಗು ಕೇಳಿ ನನಗೆ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ? ಆದರೆ ಲಾರಿಯವರು ಯಾರೂ ನಗಲಿಲ್ಲ, ಅದೂ ಕಂಡಿತು. ಸಂಜೆ ಡಂಗುರ ಸಾರಿಸಿದೆ: ಮಂಗಳವಾರ ಗಡಿಕಲ್ಲಿನ ಒಳಗೆ ಯಾವ ಗಾಲಿಯೂ ತಿರುಗಬಾರದು.

ಮೊದಲ ಮಂಗಳವಾರ ಬೆಳಿಗ್ಗೆ ನಾವು ಹೆಂಗಸರು ಹೋಗಿ ಗಡಿಕಲ್ಲಿನ ಪಕ್ಕ ರಸ್ತೆಗೆ ಅಡ್ಡ ಕುಳಿತೆವು. ಗುಡ್ಡ ಇಳಿದು ಬಂದ ಲಾರಿಗಳು ಒಂದರ ಹಿಂದೊಂದು ನಿಂತವು. ಹಾರ್ನು ಹೊಡೆದರು, ಬೈದರು, ಒಬ್ಬ ಆಕ್ಸಲರೇಟರ್ ತುಳಿದು ಬರ್ರೆನ್ನಿಸಿ ಹೆದರಿಸಿದ. ನಾವು ಅಲುಗಾಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಡ್ರೈವರುಗಳ ಹೊಟ್ಟೆ ಹಸಿಯಿತು. ಹೋಟೆಲು ಮುಚ್ಚಿತ್ತು, ವಾರವಲ್ಲವೇ, ಒಲೆ ಹೊತ್ತಿರಲಿಲ್ಲ. ದುರುಗಪ್ಪ ಕೋಲೂರಿಕೊಂಡು ಬಂದು, "ಏನ್ರವ್ವ, ಅವರೂ ಯಾರೋ ಹಡದ ಮಕ್ಕಳು. ದಾರಿ ಬಿಡಬ್ಯಾಡ್ರಿ, ರೊಟ್ಟಿ ಕೊಡ್ರಿ" ಎಂದ. ನಾವು ಕಟ್ಟಿಕೊಂಡು ಹೋಗಿದ್ದ ಕಟಕ ರೊಟ್ಟಿ, ಶೇಂಗಾ ಚಟ್ನಿ, ಮೊಸರು ಹಂಚಿದೆವು. ಬೆಳಿಗ್ಗೆ ಬೈದವನೇ ಎರಡು ಸಲ ಚಟ್ನಿ ಹಾಕಿಸಿಕೊಂಡ. ತಿಂದು ಕೈ ತೊಳೆದು, "ಇನ್ನಾದ್ರೂ ಬಿಡ್ರಿ ಅಕ್ಕಾ" ಎಂದ. "ಊಟ ಆತಲ್ಲ, ಮಲ್ಕಾ ಹೋಗು" ಎಂದಳು ಪಕ್ಕದ ಮನೆಯ ಹುಲಿಗೆವ್ವ. ಸಂಜೆಗೆ ಬೇಸತ್ತ ನಾಲ್ಕು ಡ್ರೈವರುಗಳು ಲಾರಿ ಹಿಂದಕ್ಕೆ ತೆಗೆದು ಗುಡ್ಡದ ಬುಡದ ಹಳೆಯ ದಾರಿ ಹಿಡಿದರು. ಅದು ಗಡಿಕಲ್ಲಿನ ಆಚೆಗಿತ್ತು, ವಾರದ ಕಟ್ಟು ಅಲ್ಲಿಗಿಲ್ಲ. ತುಂಬಿದ ಲಾರಿಗಳು ಹೋದವು. ದಾರಿ ಕುಸಿಯಲಿಲ್ಲ.

ಸುದ್ದಿ ಹೊಸಪೇಟೆ ಮುಟ್ಟಿತು. ಮುಂದಿನ ವಾರಕ್ಕೆ ಮೊದಲೇ ಶಾಸಕರು ಬಂದರು. ಅವರು ಕೆಟ್ಟವರಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಸಮುದಾಯ ಭವನದಲ್ಲಿ ಎರಡೂ ಕಡೆಯವರನ್ನು ಕೂರಿಸಿ ಸಮಾಧಾನದಿಂದ ಮಾತಾಡಿದರು. ನನ್ನನ್ನು ಪಕ್ಕಕ್ಕೆ ಕರೆದು, "ನೋಡವ್ವ ಈರಮ್ಮ, ಟಿ.ವಿ. ಹಚ್ಚಿದ್ರ ದೇಶನ ಒಡದು ನಿಂತೈತಿ. ಅವರು ಅವರ ಕಡಿ, ಇವರು ಇವರ ಕಡಿ. ಇಂಥದ್ರಾಗ ನಿನ್ನಂಥಕಿ ಊರು ಒಡಿಯೋ ಕೆಲಸ ಮಾಡಬಾರದು. ನಾಯಕರಾದವರು ಸೂಜಿ ಆಗಬೇಕು, ಕತ್ರಿ ಆಗಬಾರದು" ಎಂದರು.

"ಸರ್, ಊರು ನಾನು ಒಡದಿಲ್ಲ" ಎಂದೆ. "ಅರ್ಧ ಊರಿನ ಅನ್ನ ಕೆಂಪಗಾಗಿ ಹದಿನೈದು ವರ್ಷ ಆತು. ಅವತ್ತು ಒಡದಿತ್ತು. ಅವತ್ತು ಯಾಕ ಸೂಜಿ ತಗಂಡು ಯಾರೂ ಬರಲಿಲ್ಲ?"

ಅವರು ಸಿಟ್ಟಾಗಲಿಲ್ಲ. "ನಾ ಹೇಳೋದು ಕೇಳು. ನನ್ನ ಹುಟ್ಟೂರು ಹಿಂಗ ಒಂದು ಸಣ್ಣ ಜಗಳಕ್ಕ ಒಡದು ಹೋತು. ನಮ್ಮಪ್ಪ ಊರ ಗೌಡ, ಎದಿ ಸೆಟಿಸಿ ನಿಂತ. ಕಡಿಗೆ ನಮ್ಮ ಕಾಕಾನ ಹೆಣ ಬಿತ್ತು. ಆ ಊರಾಗ ಇವತ್ತಿಗೂ ಒಬ್ಬರ ಮದುವಿಗೆ ಒಬ್ಬರು ಹೋಗಂಗಿಲ್ಲ. ಅದನ್ನ ನೋಡೀನಿ ನಾನು. ಅದಕ್ಕ ಹೇಳಾಕತ್ತೀನಿ, ಎಲ್ರೂ ಒಪ್ಪಿದ್ರ ಲಾರಿ ಆ ಕಡಿ ಹೋಗ್ಲಿ. ಒಮ್ಮತ ಬರೋ ಮಟ ಸುಮ್ನಿರು" ಎಂದರು. ಹೇಳುವಾಗ ಅವರ ದನಿ ನಡುಗಿತು. ಆ ದನಿ ಸುಳ್ಳಲ್ಲ. ಆದರೂ ಆಮೇಲೆ ಯೋಚಿಸಿದೆ. ಎಲ್ಲರೂ ಒಪ್ಪುವವರೆಗೆ ಎಂದರೆ ವಿರುಪಣ್ಣ ಒಪ್ಪುವವರೆಗೆ. ಅವನು ಒಪ್ಪುವವರೆಗೆ ಲಾರಿ ಎಲ್ಲಿ ಓಡುತ್ತಿರುತ್ತದೆ? ಶಾಲೆಯ ಮುಂದೆಯೇ. ಒಮ್ಮತ ಒಮ್ಮತ ಎಂದು ಕಾದರೆ ಗೆಲ್ಲುವವನು ಯಾವಾಗಲೂ ಈಗಾಗಲೇ ರಸ್ತೆಯಲ್ಲಿರುವವನೇ. ಹೊರಟು ನಿಂತಿದ್ದ ಶಾಸಕರ ಕಾರಿನ ಹತ್ತಿರ ಹೋಗಿ ಇದನ್ನೇ ಹೇಳಿದೆ. "ನಿನ್ನ ನಾಲಿಗಿ ಭಾಳ ಹರಿತ ಐತವ್ವ" ಎಂದು ಗಾಜು ಏರಿಸಿದರು.

ಅಂದು ಗಂಡನೂ ನನ್ನ ಮೇಲೆ ಹಾರಾಡಿದ. "ನಿಮ್ಮಣ್ಣನ ಹೊಟ್ಟಿ ಮ್ಯಾಲ ಹೊಡದು ನೀ ಯಾವ ರಾಜ್ಯ ಕಟ್ಟಾಕಿ? ಬರೋ ಪಂಚಮಿಗೆ ಅವ ಬರಲಿಲ್ಲಂದ್ರ ನನ್ನ ಮುಂದ ಕಣ್ಣೀರು ಹಾಕಬ್ಯಾಡ" ಎಂದ. "ನಿಮ್ಮ ಮುಂದ ಹಾಕಂಗಿಲ್ಲ ಬಿಡ್ರಿ, ಎಮ್ಮಿ ಮುಂದ ಹಾಕ್ತೀನಿ" ಎಂದೆ. ಬಾಯಿಗೇನೂ ಕಡಿಮೆ ಇರಲಿಲ್ಲ. ಆ ರಾತ್ರಿ ಮಾತ್ರ ಪಂಚಮಿಗೆ ಇನ್ನೆಷ್ಟು ದಿನವೆಂದು ಬೆರಳೆಣಿಸುತ್ತ ಮಲಗಿದೆ.

ಎರಡನೆಯ ವಾರವೂ ನಾವು ಹಾಗೇ ಅಡ್ಡ ಕುಳಿತೆವು. ಮೂರನೆಯ ವಾರಕ್ಕೆ ಪಂಪಣ್ಣ ತಾನೇ ಬಂದ. ಅವನ ಡ್ರೈವರ್ ಅನಂತಪುರದ ಕಡೆಯವನು, ಗಡಿಕಲ್ಲು ಕಂಡ ಕೂಡಲೇ ಇಂಜಿನ್ ಆರಿಸಿ ಇಳಿದಿದ್ದ. "ಅಮ್ಮವಾರಿ ವಾರ ಸಾರ್, ಮಾ ಊರಾಗೂ ಐತಿ. ನಾನು ಸ್ಟೇರಿಂಗ್ ಮುಟ್ಟಂಗಿಲ್ಲ" ಎಂದು ಬೇವಿನ ಮರದ ನೆರಳಲ್ಲಿ ಕುಳಿತುಬಿಟ್ಟ. ಹಿಂದಿನಿಂದ ಮೋಟಾರ್ ಸೈಕಲ್ಲಿನಲ್ಲಿ ಬಂದ ಪಂಪಣ್ಣ ಅವನಿಗೆ ಬೈದು, ತಾನೇ ಹತ್ತಿ ಲಾರಿ ಶುರು ಮಾಡಿದ. ವಿರುಪಣ್ಣ ಮತ್ತು ಅವನ ಜನ ಎರಡೂ ಬದಿಗೆ ನಿಂತು, ಅಧ್ಯಕ್ಷರ ಅಣ್ಣನ ಲಾರಿ ಮುಂದೆ ಹೋದರೆ ಮಿಕ್ಕವು ತಾನಾಗಿ ಹೋಗುತ್ತವೆ ಎಂದು ಕಾಯುತ್ತಿದ್ದರು. ಅವನನ್ನು ಕರೆಸಿದ್ದೇ ಅದಕ್ಕೆ ಎಂದು ನನಗೆ ಆಗ ಅರ್ಥವಾಯಿತು.

ಲಾರಿ ನಿಧಾನಕ್ಕೆ ಬಂದು ರಸ್ತೆಗೆ ಅಡ್ಡ ಕುಳಿತಿದ್ದ ನನ್ನ ಮುಂದೆ ನಿಂತಿತು. ಬಂಪರಿನ ಬಿಸಿ ಮುಖಕ್ಕೆ ಹೊಡೆಯಿತು. ಪಂಪಣ್ಣ ಕಿಟಕಿಯಿಂದ ತಲೆ ಹೊರಗೆ ಹಾಕಿದ.

"ಪಕ್ಕಕ್ಕ ಸರಿ ತಂಗಿ."

"ಸರಿಯಂಗಿಲ್ಲ ಅಣ್ಣ. ಹಿಂದಕ್ಕ ತಗ. ಆ ದಾರಿ ಹಿಡಿ."

"ಮಂದಿ ಮುಂದ ನನ್ನ ಮಾನ ಕಳೀಬ್ಯಾಡ."

"ಮಂದಿನ ಕರಕಂಡು ಬಂದಾಂವ ನೀನು. ನಾ ಕರದಿದ್ದಿಲ್ಲ."

ಅವನ ಕಣ್ಣು ಕೆಂಪಗಾಯಿತು. "ನೋಡು ಈರಿ, ಇವತ್ತು ಸರದ್ರ ನನ್ನ ತಂಗಿ. ಸರೀಲಿಲ್ಲಂದ್ರ ಪಂಚಮಿಗೆ ನಾ ಕರಿಯಾಕ ಬರಂಗಿಲ್ಲ. ಈ ವರ್ಷ ಅಷ್ಟ ಅಲ್ಲ, ಯಾವ ವರ್ಷನೂ ಬರಂಗಿಲ್ಲ" ಎಂದ.

ಎಲ್ಲರೂ ಕೇಳಿದರು. ನನ್ನ ಪಕ್ಕದಲ್ಲಿದ್ದ ಹುಲಿಗೆವ್ವ, "ಅಯ್ಯ ನನ ಶಿವನ" ಎಂದು ಬಾಯಿಗೆ ಸೆರಗು ಹಿಡಿದಳು. ತವರನ್ನು ತಕ್ಕಡಿಗೆ ಹಾಕಿದ ಮೇಲೆ ಹೆಣ್ಣು ಏಳಲೇಬೇಕು ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಎದ್ದರೆ ಅಣ್ಣ ಉಳಿಯುತ್ತಾನೆ. ಆದರೆ ನಾಳೆ ಶಾಲೆಯ ಮುಂದೆ ಹಾದು ಹೋಗುವಾಗ ಆ ಮಕ್ಕಳ ಮುಖ ಹೇಗೆ ನೋಡಲಿ? ಚುನಾವಣೆಯಲ್ಲಿ ಮನೆಮನೆಗೆ ಹೋಗಿ ಕೊಟ್ಟ ಮಾತನ್ನು ಅಣ್ಣ ಬೈದ ಎಂದು ನುಂಗಿಕೊಳ್ಳಲೇ? ಸಿಟ್ಟು ಬಂತು. ಅವನ ಮೇಲಲ್ಲ, ಅವನನ್ನು ನನ್ನ ಮುಂದೆ ತಂದು ನಿಲ್ಲಿಸಿ ಬದಿಗೆ ನಿಂತು ಮಜಾ ನೋಡುತ್ತಿದ್ದವರ ಮೇಲೆ. "ಆತು ಅಣ್ಣ, ಕರೀಬ್ಯಾಡ" ಎಂದೆ. ಸೆರಗಿನ ಗಂಟು ಬಿಚ್ಚಿ ಒಂದು ಕಟಕ ರೊಟ್ಟಿ ತೆಗೆದು, "ಮುಂಜಾನಿ ಏನೂ ತಿಂದಿರಂಗಿಲ್ಲ ನೀನು. ತಗ, ತಿಂದು ಹಿಂದಕ್ಕ ತಗಂಡು ಹೋಗು" ಎಂದು ಕೈ ಎತ್ತಿ ಹಿಡಿದೆ.

ರೊಟ್ಟಿ ತೆಗೆದುಕೊಳ್ಳಲಿಲ್ಲ. ಬಹಳ ಹೊತ್ತು ಇಂಜಿನ್ ಗುರುಗುಟ್ಟಿತು. ಆಮೇಲೆ ಗೇರು ಬದಲಾದ ಸದ್ದು ಕೇಳಿತು. ಒಂದು ಗಳಿಗೆ ನಾನು ಕಣ್ಣು ಮುಚ್ಚಿದೆ, ನಿಜ ಹೇಳುತ್ತೇನೆ. ತೆರೆದು ನೋಡಿದರೆ ಲಾರಿ ಹಿಂದೆ ಸರಿಯುತ್ತಿತ್ತು. ಅದು ಹಿಂದೆ ಸರಿದ ಮೇಲೆ ಹಿಂದಿನವೆಲ್ಲ ಸರಿಯಲೇಬೇಕಾಯಿತು. ಮೊದಲನೆಯ ವಾರ ನಾಲ್ಕೇ ಲಾರಿ ಹೋಗಿದ್ದ ಗುಡ್ಡದ ದಾರಿಯಲ್ಲಿ ಅಂದು ಇಡೀ ಸಾಲು ಹೋಯಿತು, ಎಲ್ಲಕ್ಕಿಂತ ಮುಂದೆ ಪಂಪಣ್ಣನದು. ಉಳಿದ ವಾರಗಳಲ್ಲೂ ಹಾಗೆಯೇ ಆಯಿತು. ಮಳೆಯೂ ಬಂತು. ತಡವಾಗಿ ಬಂತು, ತನ್ನ ಪಾಡಿಗೆ ಬಂತು, ದುರುಗಪ್ಪ ಮಾತ್ರ ಮೀಸೆ ತಿರುವಿಕೊಂಡು ಓಡಾಡಿದ.

ಕೊನೆಯ ವಾರದ ಮರುದಿನ, ಇನ್ನು ಮುಂದೆ ಎಲ್ಲ ದಿನವೂ ಲಾರಿಗಳು ಹಳೆಯ ದಾರಿಯಲ್ಲೇ ಹೋಗಬೇಕೆಂಬ ಠರಾವಿಗಾಗಿ ಗ್ರಾಮಸಭೆ ಕರೆದೆ. ಶಾಸಕರ ಕಡೆಯವರು ಬಂದು, "ಕೈ ಎತ್ತಿಸಬ್ಯಾಡ್ರಿ, ಯಾರು ಯಾವ ಕಡಿ ಅಂತ ಬಯಲಾಕ್ತೈತಿ, ಊರು ಕೆಡ್ತೈತಿ" ಎಂದರು. "ಬಯಲಾಗ್ಲಿ. ಯಾರ ಮನಸಿನಾಗ ಏನೈತಿ ಅನ್ನೋದು ಒಬ್ಬರಿಗೊಬ್ಬರು ಮಕಾ ನೋಡ್ಕಂಡು ಹೇಳ್ಳಿ" ಎಂದೆ. ವಿರುಪಣ್ಣ ಎದ್ದು ಹಳೆಯ ರಾಗ ಹಾಡಿದ, ಆ ದಾರಿ ಭಾರ ತಡೆಯುವುದಿಲ್ಲ ಎಂದು. ಸಭೆಯ ಹಿಂದಿನಿಂದ ಅವನದೇ ಡ್ರೈವರ್ ಒಬ್ಬ, "ಅಣ್ಣಾ, ವಾರದ ದಿನ ಎಲ್ಲಾ ಅದ ದಾರ್‍ಯಾಗ ಹೋಗೀವಿ. ಫುಲ್ ಲೋಡ್. ಏನೂ ಆಗಿಲ್ಲ" ಎಂದುಬಿಟ್ಟ. ಎರಡೂ ಕಡೆಯವರು ನಕ್ಕರು. ಕೈ ಎತ್ತಲು ಹೇಳಿದೆ. ಹೊಲದವರು ಎತ್ತಿದರು, ಹೆಂಗಸರು ಎತ್ತಿದರು, ಲಾರಿ ಮನೆಗಳ ಹೆಂಗಸರಲ್ಲೂ ಕೆಲವರು ಗಂಡಂದಿರನ್ನು ನೋಡದೆ ಎತ್ತಿದರು. ನನ್ನ ಗಂಡ ಕೈ ಕಟ್ಟಿಕೊಂಡು ನೆಲ ನೋಡುತ್ತಿದ್ದ. ಎಲ್ಲರದೂ ಮುಗಿಯುವ ಹೊತ್ತಿಗೆ, ಬೆನ್ನು ತುರಿಸಿಕೊಳ್ಳುವವನ ಹಾಗೆ ಕೈ ಮೇಲೆತ್ತಿದ. ಠರಾವು ಪಾಸಾಯಿತು. ಒಮ್ಮತದಿಂದಲ್ಲ.

ಊರು ಒಡೆಯಿತೇ? ಒಡೆಯಿತು. ನಮ್ಮ ಮೆಕ್ಕೆಜೋಳಕ್ಕೆ ಯಾರೋ ರಾತ್ರೋರಾತ್ರಿ ದನ ಬಿಟ್ಟರು. ವಿರುಪಣ್ಣನ ಮಗಳ ಮದುವೆಗೆ ನಮ್ಮ ಓಣಿಗೆ ಕರೆಯ ಅಕ್ಕಿಕಾಳು ಬರಲಿಲ್ಲ. ಚಹಾದ ಹೋಟೆಲು ಒಂದಿದ್ದದ್ದು ಎರಡಾಯಿತು. ಶಾಸಕರು ಹೇಳಿದ್ದು ಇದನ್ನೇ, ಮತ್ತು ಎಷ್ಟೋ ಸಂಜೆ ನಾನು ಅವರ ಮಾತನ್ನು ನೆನೆಸಿಕೊಂಡು ಹೆದರಿದ್ದೇನೆ. ಒಂದು ಹೆಣ ಬಿದ್ದಿದ್ದರೆ ಇವತ್ತು ಹೀಗೆ ಎದೆಯುಬ್ಬಿಸಿ ಮಾತಾಡುತ್ತಿದ್ದೆನೇ? ಗೊತ್ತಿಲ್ಲ. ಆದರೆ ಬಿಸಿಯೂಟದ ಅನ್ನ ಕೊನೆಯ ತುತ್ತಿನವರೆಗೂ ಬೆಳ್ಳಗಾಯಿತು, ಆ ತಟ್ಟೆಯಲ್ಲಿ ವಿರುಪಣ್ಣನ ಮೊಮ್ಮಗಳೂ ಉಣ್ಣುತ್ತಾಳೆ. ಹಳೆಯ ದಾರಿಯ ತಿರುವಿನಲ್ಲಿ ಇನ್ನೊಂದು ಪಂಕ್ಚರ್ ಅಂಗಡಿ ಎದ್ದಿತು. ಎರಡು ಹೋಟೆಲಿನವರೂ ಒಬ್ಬರ ಹಾಲು ಮುಗಿದರೆ ಇನ್ನೊಬ್ಬರಲ್ಲಿ ಕೇಳುವಷ್ಟರ ಮಟ್ಟಿಗೆ ಈಗ ಮಾತಾಡುತ್ತಾರೆ. ಮೊದಲು ಇದ್ದದ್ದನ್ನು ಶಾಂತಿ ಎಂದು ಕರೆಯಲು ನಾನು ಇವತ್ತಿಗೂ ಒಪ್ಪುವುದಿಲ್ಲ. ಅದು ಕೆಲವರು ಕೆಮ್ಮುತ್ತ ಸುಮ್ಮನಿದ್ದದ್ದು.

ಗ್ರಾಮಸಭೆಯಾಗಿ ನಾಲ್ಕೈದು ದಿನಕ್ಕೆ ಪಂಚಮಿ ಬಂತು. ಓಣಿಯ ಹೆಣ್ಣುಮಕ್ಕಳೆಲ್ಲ ಒಬ್ಬೊಬ್ಬರಾಗಿ ತವರಿಗೆ ಹೋದರು. ಪಂಪಣ್ಣ ಬರಲಿಲ್ಲ. ನಾನು ಬೆಳಗಿನಿಂದ ಬಾಗಿಲಿಗೆ ಹತ್ತು ಸಲ ಹೋಗಿಬಂದೆ, ಮೋಟಾರ್ ಸೈಕಲ್ಲಿನ ಸದ್ದು ಕೇಳಿದಾಗಲೆಲ್ಲ ಓಣಿಯ ತುದಿಯವರೆಗೆ ಇಣುಕಿದೆ. ಹೇಳಿದ್ದೆನಲ್ಲ, ಎಮ್ಮೆಯ ಮುಂದೆಯೇ ಅತ್ತೆ. ಅತ್ತು ಮುಗಿದ ಮೇಲೆ ಮುಖ ತೊಳೆದೆ. ಯಾಕೆ ಅಳಬೇಕು ನಾನು? ಅವನು ಕರೆಯುವುದಿಲ್ಲ ಎಂದ, ಬರಬೇಡ ಎಂದಿಲ್ಲ. ಅವನು ಬಾಗಿಲು ಹಾಕಿದರೆ ಹಾಕಲಿ, ನನ್ನ ಕೈಯಿಂದ ನಾನು ಯಾಕೆ ಹಾಕಿಕೊಳ್ಳಲಿ? ಶೇಂಗಾ ಉಂಡಿ, ಎಳ್ಳಿನ ಉಂಡಿ ಡಬ್ಬಿಗೆ ತುಂಬಿ, ಹೊಸ ಸೀರೆ ಉಟ್ಟು ಹೊರಟೆ. ಗಂಡ, "ಕರೀದ ಹೊಂಟಿಯೇನ? ಮಂದಿ ಏನಂದಾರು?" ಎಂದ. "ಮಂದಿ ಏನಂತಾರ ಅನ್ನೋದು ಈ ವರ್ಷ ಸಾಕಷ್ಟು ಕೇಳೀನಿ" ಎಂದೆ. ಬಸ್ ನಿಲ್ದಾಣದವರೆಗೆ ಅವನೇ ಬಂದು ಚೀಲ ಹತ್ತಿಸಿದ.

ಕಂಪ್ಲಿಯಲ್ಲಿ ಮನೆಯ ಮುಂದೆ ಪಂಪಣ್ಣ ಕಟ್ಟೆಯ ಮೇಲೆ ಕುಳಿತಿದ್ದ. ನನ್ನನ್ನು ಕಂಡು ಎದ್ದು ನಿಂತ. ಬೀದಿಯ ಹೆಂಗಸರು ಹಾಲಿನ ಗಿಂಡಿ ಹಿಡಿದುಕೊಂಡವರು ನಿಂತಲ್ಲೇ ನಿಂತರು.

"ಯಾರು ಕರದಿದ್ರು ನಿನ್ನ?" ಎಂದ.

"ಯಾರೂ ಕರದಿಲ್ಲ" ಎಂದೆ. "ನಿನ್ನ ಲಾರಿ ಹದಿನೈದು ವರ್ಷ ನಮ್ಮೂರಾಗ ಯಾರು ಕರದ್ರು ಅಂತ ಬಂದಿತ್ತು? ಹಂಗ ಬಂದೀನಿ ನಾನೂ."

ಅವನು ಬಾ ಎನ್ನಲಿಲ್ಲ, ಹೋಗು ಎನ್ನಲೂ ಇಲ್ಲ. ನಾನು ಕಟ್ಟೆಯ ಮೇಲೆ ಡಬ್ಬಿ ಇಟ್ಟು, ಒಳಗಿನಿಂದ ಬಂದ ಅತ್ತಿಗೆಯ ಕೈಯಿಂದ ಹಾಲಿನ ಗಿಂಡಿ ಇಸಿದುಕೊಂಡು, ಬೇವಿನ ಮರದ ಕೆಳಗಿನ ನಾಗಪ್ಪನ ಕಲ್ಲಿಗೆ ಹೋದೆ. ನಮ್ಮಲ್ಲಿ ಹಾಲೆರೆಯುವಾಗ ಒಬ್ಬೊಬ್ಬರ ಹೆಸರು ಹೇಳಿ ಅವರ ಪಾಲು ಎರೆಯಬೇಕು. ದೇವರ ಪಾಲು ಎಂದೆ. ಗುರುವಿನ ಪಾಲು ಎಂದೆ. ಅಪ್ಪನ ಪಾಲು, ಅವ್ವನ ಪಾಲು ಎಂದೆ. ಮುಂದಿನದು ಅಣ್ಣನ ಪಾಲು. ಅದನ್ನು ಬಾಯಲ್ಲೇ ಗೊಣಗಿದೆ, ನನಗೇ ಕೇಳಿಸಲಿಲ್ಲ.

ಬೆನ್ನ ಹಿಂದೆ ಚಪ್ಪಲಿ ಸದ್ದಾಯಿತು. "ಏನಂದಿ? ಕೇಳಸವಲ್ದು" ಎಂದ ಪಂಪಣ್ಣ, ಇನ್ನೂ ಸಿಟ್ಟಿನಲ್ಲೇ. "ಲಾರಿ ಮುಂದ ಕುಂತಾಗ ಊರಿಗೆಲ್ಲ ಕೇಳೋ ಹಂಗ ಒದರತಿದ್ದಿ. ಈಗೇನಾತು? ಜೋರಾಗಿ ಅನ್ನು."

ಕಣ್ಣೊರೆಸಿಕೊಂಡೆ. ಆಚೆ ಬೀದಿಗೂ ಕೇಳುವ ಹಾಗೆ, ಅಣ್ಣನ ಪಾಲು ಎಂದು ಕೂಗಿ ಎರೆದೆ.

ಹೇಳಿದ ಹಾಗೆಯೇ ಪಂಪಣ್ಣ ಆಮೇಲೆ ಯಾವ ವರ್ಷವೂ ಕರೆಯಲು ಬಂದಿಲ್ಲ. ಮಾತಿನ ಮನುಷ್ಯ. ನಾನೂ ಒಂದು ವರ್ಷ ತಪ್ಪಿಸಿಲ್ಲ. ಹೋಟೆಲಿನ ಟಿ.ವಿ.ಯಲ್ಲಿ ಅವರಿನ್ನೂ ಕೂಗಾಡುತ್ತಿದ್ದರು, ಅಷ್ಟರಲ್ಲಿ ಕಂಪ್ಲಿ ಬಸ್ಸು ಬಂತು. ಕರೆ ಬಾರದ ನಾನು ಎಲ್ಲರಿಗಿಂತ ಮೊದಲು ಹತ್ತಿ ಕಿಟಕಿಯ ಪಕ್ಕ ಕುಳಿತೆ.